ಅಗ್ಗದ ಪೈಪ್ ಯಾವುದು ಕೊಳ್ಳಬೇಕು? ರಾಯಚೂರಿನ ಬಿಸಿಲಲ್ಲಿ ಸೇದಿ ನೋಡಿದ ಲೆಕ್ಕ

“ಕಾಕಾ, ಫೋನಿನಾಗ ನಾನೂರು ರೂಪಾಯಿಗೆ ಕಟ್ಟಿಗಿ ಪೈಪ್ ತೋರಸ್ಲಿಕತ್ತದ. ತರಸಲೇನು?”

ನಮ್ಮ ಓಣಿಯ ಹುಡುಗ ಹೋದ ತಿಂಗಳು ಹೀಗೆ ಕೇಳಿದ. ಹುಡುಗ ಅಂದರೂ ಮೂವತ್ತೈದು ದಾಟಿದೆ. ಗಂಜಿನ ಹತ್ತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಾನೆ. “ಅದು ಬ್ಯಾಡಪ” ಅಂದೆ. “ಮತ್ತ ಯಾವ್ದು?” ಅಂದ. ಕಟ್ಟೆಯ ಮೇಲೆ ಕೂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಹೀಗೆ ಕೇಳುವವರು ಅವನೊಬ್ಬನೇ ಅಲ್ಲದ್ದರಿಂದ ಪೂರ್ತಿ ಬರೆದಿಡುತ್ತಿದ್ದೇನೆ.

ತಂಬಾಕಿನ ಚಟವೇ ಇಲ್ಲದವರು ಇದನ್ನು ಓದಿ ಪೈಪ್ ಹಿಡಿಯಬಾರದು. ಪೈಪಿನ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತಾರೆ, ಆದ್ದರಿಂದ ಏನೂ ಆಗುವುದಿಲ್ಲ ಎನ್ನುವ ಮಾತು ಸುಳ್ಳು. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶ, ಇವಿಷ್ಟರ ಕ್ಯಾನ್ಸರಿಗೂ ಪೈಪ್ ಕಾರಣವಾಗುತ್ತದೆ. ಬೀಡಿ, ಸಿಗರೇಟು ಬಿಟ್ಟು ಪೈಪಿಗೆ ಬಂದವರು ಹಳೆಯ ರೂಢಿಯಿಂದ ಇದರ ಹೊಗೆಯನ್ನೂ ಎದೆಗೇ ಎಳೆಯುವುದುಂಟು, ಆಗ ಅಪಾಯ ಇನ್ನೂ ಹೆಚ್ಚು. ಬಿಟ್ಟುಬಿಡಬೇಕು ಎನ್ನುವ ಮನಸ್ಸು ಸ್ವಲ್ಪವಾದರೂ ಇದ್ದವರು ತಂಬಾಕಿನ ಪೊಟ್ಟಣದ ಮೇಲೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಬಿಡುವುದು ಹೇಗೆ ಅಂತ ಸಮಾಧಾನದಿಂದ ಹೇಳಿಕೊಡುತ್ತಾರೆ. ಈಗಾಗಲೇ ಸೇದುವವರು, ದಿನಕ್ಕೆ ಇಪ್ಪತ್ತೈದು ಬೀಡಿಯ ಬದಲು ಸಂಜೆಗೆ ಒಂದೇ ಒಂದು ಪೈಪಿಗೆ ಇಳಿಯಬೇಕು ಅಂದುಕೊಂಡವರು, ಅದಕ್ಕೆ ಸಾವಿರಾರು ರೂಪಾಯಿ ಸುರಿಯಲು ಇಷ್ಟವಿಲ್ಲದವರು, ಅಂಥವರಿಗಾಗಿ ಮುಂದಿನದು. ನಾನು ‘ದಿನಬಳಕೆ’ ಅನ್ನುವುದು ದಿನಕ್ಕೆ ಒಂದು ಬಟ್ಟಲಿಗೆ, ಅಂದರೆ ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲನ್ನು ಒಂದೇ ಸಲ ತುಂಬಿ ಸೇದುವುದಕ್ಕೆ. ಬೀಡಿಯನ್ನೂ ಇಟ್ಟುಕೊಂಡು ಪೈಪನ್ನೂ ಸೇರಿಸಿಕೊಳ್ಳುವ ವಿಚಾರವಿದ್ದರೆ ಕೊಳ್ಳಲೇಬೇಡಿ.

ನಾನು ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಬಾಯ್ಲರ್ ಕಡೆ ಪಾಳಿ ಮಾಡಿ ನಿವೃತ್ತನಾದವನು. 210 ಮೆಗಾವ್ಯಾಟಿನ ಘಟಕಕ್ಕೆ ಉರಿ ಕೊಡುವಾಗ ನಾವು ಮುಖ್ಯವಾಗಿ ನೋಡುತ್ತಿದ್ದದ್ದು ಮೂರು: ಕಲ್ಲಿದ್ದಲಿನಲ್ಲಿ ಪಸೆ ಎಷ್ಟಿದೆ, ಗಾಳಿ ಎಷ್ಟು ಹೋಗುತ್ತಿದೆ, ಕಾವನ್ನು ಗೋಡೆ ಹೇಗೆ ತಡೆಯುತ್ತಿದೆ. ಪೈಪಿನಲ್ಲೂ ಇದೇ ಮೂರು. ಪೈಪಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಚಳಿ, ಮಳೆಯ ದೇಶದವರು. ಅವರ ಚಿಂತೆಯೆಲ್ಲ ತಂಬಾಕು ಒದ್ದೆಯಾಯಿತು, ಪೈಪಿನಲ್ಲಿ ನೀರು ನಿಂತಿತು ಎಂಬುದರ ಮೇಲೆ. ನಮ್ಮದು ಉಲ್ಟಾ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42, 43 ಡಿಗ್ರಿಗೆ ಹೋಗುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ, ತೆರೆದಿಟ್ಟ ತಂಬಾಕು ಎರಡೇ ದಿನಕ್ಕೆ ಹಪ್ಪಳದ ಹಾಗೆ ಮುರಿಯುತ್ತದೆ. ಒಣ ತಂಬಾಕು ಭರಭರ ಉರಿದು ಬಟ್ಟಲಿನ ಗೋಡೆಯನ್ನೂ ಸುಡುತ್ತದೆ, ನಾಲಿಗೆಯನ್ನೂ ಸುಡುತ್ತದೆ. ಹಾಗಾಗಿ ರಾಯಚೂರಿನವನು ಪೈಪ್ ಆರಿಸುವಾಗ ಮೊದಲು ಕೇಳಬೇಕಾದದ್ದು ಅದರ ಗೋಡೆ ಕಾವು ತಡೆಯುತ್ತದೆಯೇ ಎಂದು. ಚಂದ, ಹೊಳಪು, ಆಕಾರ ಎಲ್ಲ ಆಮೇಲೆ.

ತಾತನ ಚಿಲುಮೆ

ಅಗ್ಗದ್ದು ಅಂದಕೂಡಲೇ ನಮ್ಮ ಕಡೆ ನೆನಪಾಗುವುದು ಚಿಲುಮೆ. ನಮ್ಮ ತಾತ ಹೊಲದಿಂದ ಬಂದು ಕೈಕಾಲು ತೊಳೆದು ಕೂತರೆ ಚಿಲುಮೆಗೆ ಸಣ್ಣ ಹರಳೊಂದನ್ನು ಹಾಕಿ, ಅದರ ಮೇಲೆ ತಿಕ್ಕಿದ ತಂಬಾಕು ತುಂಬಿ, ಒಲೆಯಿಂದ ಕೆಂಡ ಎತ್ತಿಟ್ಟುಕೊಳ್ಳುತ್ತಿದ್ದ. ಕೆಳಗಿನ ತುದಿಗೆ ಒದ್ದೆ ಅರಿವೆ ಸುತ್ತಿ, ಎರಡೂ ಕೈ ಸೇರಿಸಿ ಮುಷ್ಟಿ ಮಾಡಿ ಎಳೆಯುವುದು. ಆ ಒದ್ದೆ ಅರಿವೆ ಬರೀ ರೂಢಿಯಲ್ಲ, ಹೊಗೆಯನ್ನು ತಣಿಸುವ ಉಪಾಯ.

ಮಣ್ಣಿಗೆ ಒಂದು ದೊಡ್ಡ ಗುಣವಿದೆ, ತನ್ನ ರುಚಿಯನ್ನು ಹೊಗೆಗೆ ಸೇರಿಸುವುದಿಲ್ಲ. ಯುರೋಪಿನಲ್ಲೂ ನೂರಾರು ವರ್ಷ ಜನ ಸೇದಿದ್ದು ಬಿಳಿ ಮಣ್ಣಿನ ಪೈಪಿನಲ್ಲೇ. ಹಾಲೆಂಡಿನ ಗೌಡಾ ಊರು ಆ ಕಸುಬಿಗೇ ಹೆಸರಾಗಿತ್ತು. ಆದರೂ ದಿನಬಳಕೆಗೆ ಚಿಲುಮೆ ಬೇಡ ಅನ್ನುತ್ತೇನೆ. ಚಿಲುಮೆಯನ್ನು ಪೈಪಿನ ಹಾಗೆ ಮೆಲ್ಲಗೆ ಬಾಯಲ್ಲಿ ಸೇದಲು ಬರುವುದಿಲ್ಲ, ಎದೆ ತುಂಬ ಎಳೆದರೇ ಅದು ಉರಿಯುವುದು. ಬೀಡಿಯ ಕೆಡುಕನ್ನು ಕಡಿಮೆ ಮಾಡಲು ಹೊರಟವನಿಗೆ ಇದು ಹಿಂದಕ್ಕೆ ಹೋದ ಹಾಗೆ. ಜೊತೆಗೆ ಈ ಕಾಲದಲ್ಲಿ ಕೈಯಲ್ಲಿ ಚಿಲುಮೆ ಕಂಡರೆ ಜನ ಗಾಂಜಾ ಅಂತಲೇ ತಿಳಿಯುತ್ತಾರೆ. ತಾತನ ಚಿಲುಮೆಯನ್ನು ನಾನು ದೇವರ ಮನೆಯ ಪಕ್ಕದ ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಅದು ಅಲ್ಲೇ ಇರಲಿ.

ನಾನೂರು ರೂಪಾಯಿಯ ಕಟ್ಟಿಗೆ ಪೈಪ್

ಹುಡುಗ ತೋರಿಸಿದ್ದು ಇದು. ಕಡುಗಂದು ಬಣ್ಣ, ಕನ್ನಡಿಯಂಥ ಹೊಳಪು, ಕುತ್ತಿಗೆಗೆ ಹಿತ್ತಾಳೆಯಂತೆ ಕಾಣುವ ಉಂಗುರ, ಜೊತೆಗೆ ಒಂದು ಚೀಲ. ನೋಡಲು ಸಾವಿರಾರು ರೂಪಾಯಿಯ ಪೈಪಿನ ಹಾಗೇ ಇರುತ್ತದೆ. ಎರಡು ವರ್ಷದ ಹಿಂದೆ ನಾನೂ ಇಂಥದ್ದನ್ನೇ 450 ರೂಪಾಯಿ ಕೊಟ್ಟು ತರಿಸಿದೆ. ಮೊದಲ ಕಡ್ಡಿ ಗೀರಿದಾಗಲೇ ಬಂದದ್ದು ತಂಬಾಕಿನ ವಾಸನೆಯಲ್ಲ, ಹೊಸ ಬಾಗಿಲಿಗೆ ಹಚ್ಚಿದ ವಾರ್ನಿಷ್ ಬಿಸಿಲಿಗೆ ಕಾದಾಗ ಬರುವ ವಾಸನೆ. ಬಟ್ಟಲಿನ ಒಳಗೂ ಬಣ್ಣ ಬಳಿದಿದ್ದರು. ನಾಲ್ಕನೆಯ ದಿನಕ್ಕೆ ಅಂಚಿನ ಬಣ್ಣ ಬೊಬ್ಬೆ ಎದ್ದಿತು. ಪ್ರತಿ ಸಲವೂ ಅರ್ಧಕ್ಕೆ ಬರುವಷ್ಟರಲ್ಲಿ ಗುಳುಗುಳು ಸದ್ದು, ಆಮೇಲೆ ಕಹಿ ನೀರು ನಾಲಿಗೆಗೆ. ಮೂರನೆಯ ವಾರ ಬಟ್ಟಲಿನ ಒಂದು ಮಗ್ಗುಲು ಮುಟ್ಟಲಾರದಷ್ಟು ಕಾದು, ಒಳಗಿನಿಂದ ಸೀಳು ಬಿಟ್ಟಿತು.

ಎಸೆಯುವ ಮೊದಲು ಕಾರಣ ತಿಳಿಯಬೇಕು ಅನ್ನಿಸಿ ಗರಗಸದಿಂದ ಉದ್ದಕ್ಕೆ ಸೀಳಿ ನೋಡಿದೆ. ಬಟ್ಟಲಿನ ತೂತು ನಟ್ಟನಡುವೆ ಕೊರೆದಿರಲಿಲ್ಲ; ಒಂದು ಕಡೆ ಗೋಡೆ ಕಿರುಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ಅದರ ಅರ್ಧವೂ ಇಲ್ಲ. ಸೀಳು ಬಿಟ್ಟದ್ದು ತೆಳುವಿನ ಕಡೆಗೇ. ಗಾಳಿ ಎಳೆಯುವ ಕಿಂಡಿ ಬಟ್ಟಲಿನ ತಳಕ್ಕೆ ತಾಗಿ ಬರಬೇಕಾಗಿತ್ತು, ಇದರಲ್ಲಿ ತಳದಿಂದ ಎರಡು ಕಡ್ಡಿ ದಪ್ಪ ಮೇಲೆ ತೆರೆದಿತ್ತು. ಅದರ ಕೆಳಗಿನ ತಂಬಾಕಿಗೆ ಗಾಳಿ ಸಿಗದೆ ಅದು ಉರಿಯದೆ ಒದ್ದೆ ಚರಟವಾಗಿ ಕೂತಿತ್ತು. ನಳಿಕೆಯ ಒಳಗೆ ತೆಳು ಲೋಹದ ಕೊಳವೆಯೊಂದಿತ್ತು. ಹೊಗೆಯನ್ನು ತಂಪು ಮಾಡಲೆಂದು ಇಡುತ್ತಾರೆ, ಆದರೆ ತಣ್ಣನೆಯ ಲೋಹಕ್ಕೆ ಬಿಸಿ ಹೊಗೆ ತಾಗಿದರೆ ಬೆವರು ಬಿಡುತ್ತದೆ. ಗುಳುಗುಳು ಸದ್ದಿಗೆ ಅರ್ಧ ಕಾರಣ ಅದೇ.

ಇನ್ನು ಮರ. ಯಾವ ಮರವೆಂದು ಮಾರುವವರಿಗೇ ಗೊತ್ತಿರುವುದಿಲ್ಲ. ಶೀಶಮ್, ಬೀಟೆಯಂಥ ಮರ ಮಂಚ, ಕುರ್ಚಿಗೆ ಬಲು ಒಳ್ಳೆಯದು. ಆದರೆ ಅದರಲ್ಲಿ ಎಣ್ಣೆ, ಅಂಟು ಇರುತ್ತದೆ, ಕಾದರೆ ಅದು ಹೊಗೆಯ ಜೊತೆ ಬಾಯಿಗೆ ಬರುತ್ತದೆ. ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರ ಹತ್ತಿರ ಒಂದು ಪೈಪ್ ಮಾಡಿಸಿದರೆ ಹೇಗೆ ಅಂತ ಗೆಳೆಯರೊಬ್ಬರು ಕೇಳಿದ್ದರು. ಕಿನ್ನಾಳದ ಕೈಚಳಕಕ್ಕೆ ಸಾಟಿಯಿಲ್ಲ. ಆದರೆ ಅವರು ಬಳಸುವುದು ಹಗುರ, ಮೆದು ಮರ, ಮೇಲೆ ಬಣ್ಣ. ಬೊಂಬೆಗೆ ಬೇಕಾದ ಗುಣ ಅದು, ಬೆಂಕಿ ತುಂಬುವ ಬಟ್ಟಲಿಗೆ ಅಲ್ಲ.

ಇಷ್ಟಾದರೂ ಇಂಥ ಪೈಪನ್ನೇ ಕೊಳ್ಳುವ ಪ್ರಸಂಗ ಬಂದರೆ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಬಟ್ಟಲಿನ ಒಳಗೆ ಬರೀ ಮರ ಕಾಣಬೇಕು, ಬಣ್ಣ ಇರಕೂಡದು. ಮೂಸಿದರೆ ವಾರ್ನಿಷ್ ಹೊಡೆಯಬಾರದು. ಬಾಯಿಯ ತುದಿಯಿಂದ ತೆಂಗಿನ ಗರಿಯ ಕಡ್ಡಿ ತೂರಿಸಿದರೆ ಅದು ಎಲ್ಲೂ ತಡೆಯದೆ ಬಟ್ಟಲಿನ ತಳದಲ್ಲಿ, ನಡುವಿಗೆ ಹೊರಬೀಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವಾಪಸ್ ಇಡಿ. ರಾಳ ಎರಕ ಹೊಯ್ದ, ಮರದಂತೆ ಕಾಣುವ ಪೈಪುಗಳೂ ಮಾರಾಟಕ್ಕಿವೆ. ಅವು ಶೋಕೇಸಿಗೆ, ಬಾಯಿಗಲ್ಲ.

ಮೆಕ್ಕೆಜೋಳದ ದಿಂಡು

ಹುಡುಗನಿಗೆ ನಾನು ಹೇಳಿದ್ದು ಇದನ್ನು. ನಮ್ಮ ಜನಕ್ಕೆ ನಗು ಬರುತ್ತದೆ. ಕಾಳು ಬಿಡಿಸಿದ ಮೇಲೆ ದಿಂಡನ್ನು ನಾವು ಒಲೆಗೆ ಹಾಕುವವರು. ಆದರೆ ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1869ರಿಂದ ಇದೇ ದಿಂಡಿನ ಪೈಪ್ ಮಾಡುತ್ತಾ ಬಂದಿದ್ದಾರೆ. ಹಾಲೆಂಡಿನಿಂದ ವಲಸೆ ಬಂದ ಹೆನ್ರಿ ಟಿಬ್ಬೆ ಅನ್ನುವ ಬಡಗಿಗೆ ರೈತನೊಬ್ಬ ಈ ದಿಂಡನ್ನು ತಿರುಗಣಿಗೆ ಹಾಕಿ ಒಂದು ಪೈಪ್ ಮಾಡಿಕೊಡು ಅಂದನಂತೆ. ಅದು ಚೆನ್ನಾಗಿ ಬಂತು, ಬೇರೆಯವರೂ ಕೇಳತೊಡಗಿದರು. ದಿಂಡಿನ ಹೊರಮೈಯ ಗುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿ ನುಣುಪು ಮಾಡುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಆ ಕಂಪನಿಯ ಹೆಸರು ಮಿಸೌರಿ ಮೀರ್‌ಶಾಮ್. ಮೀರ್‌ಶಾಮ್ ಅನ್ನುವುದು ನಿಜಕ್ಕೂ ತುರ್ಕಿಯ ಎಸ್ಕಿಶೆಹಿರ್ ಸುತ್ತ ಸಿಗುವ ಬಿಳಿ ಹಗುರ ಖನಿಜ, ದುಬಾರಿ ಪೈಪ್ ಕೊರೆಯುವುದು ಅದರಲ್ಲಿ. ಬಡವನ ಮೀರ್‌ಶಾಮ್ ಎನ್ನುವ ಹೆಮ್ಮೆಯಿಂದ ಇಟ್ಟ ಹೆಸರು ಇದು. ಎರಡನೆಯ ಮಹಾಯುದ್ಧದ ಸೇನಾನಿ ಡಗ್ಲಾಸ್ ಮ್ಯಾಕ್‌ಆರ್ಥರ್ ಬಾಯಲ್ಲಿ ಕಾಣುವ ಎತ್ತರದ ಪೈಪ್ ಕೂಡ ದಿಂಡಿನದೇ.

ನಮ್ಮಲ್ಲೂ ದಿಂಡಿದೆಯಲ್ಲ, ನಾವೇ ಕೊರೆದುಕೊಂಡರೆ? ನಾನು ಮಾಡಿ ನೋಡಿದೆ. ಸಿಂಧನೂರಿನ ಕಡೆಯ ಬೀಗರ ಹೊಲದಿಂದ ದಪ್ಪ ದಪ್ಪನೆಯ ದಿಂಡು ಆರಿಸಿ ತಂದು, ಮಾಳಿಗೆಯ ಮೇಲೆ ಒಂದು ಬೇಸಿಗೆ ಒಣಗಿಸಿ, ಡ್ರಿಲ್ಲಿನಿಂದ ಕೊರೆದು, ಬಿದಿರಿನ ನಳಿಕೆ ಸಿಕ್ಕಿಸಿದೆ. ಒಂದು ನಾಲ್ಕು ಸಲಕ್ಕೆ, ಇನ್ನೊಂದು ಆರು ಸಲಕ್ಕೆ ತಳದಲ್ಲಿ ತೂತು ಬಿತ್ತು. ಆಮೇಲೆ ಕಾರಣ ತಿಳಿಯಿತು. ಪೈಪಿಗಾಗಿ ಅವರು ಬೆಳೆಯುವ ತಳಿಯೇ ಬೇರೆ, ದಿಂಡು ದಪ್ಪ ಬರಲೆಂದೇ ಅಲ್ಲಿಯ ವಿಶ್ವವಿದ್ಯಾಲಯ ರೂಪಿಸಿದ್ದು. ನಮ್ಮ ಹೈಬ್ರಿಡ್ ತಳಿಗಳಲ್ಲಿ ಕಾಳು ಹೆಚ್ಚಬೇಕು, ದಿಂಡು ತೆಳ್ಳಗಾಗಬೇಕು ಎನ್ನುವುದು ಗುರಿ. ಅಲ್ಲಿ ಕೊಯ್ದ ದಿಂಡನ್ನು ಸುಮಾರು ಎರಡು ವರ್ಷ ಒಣಗಲು ಬಿಟ್ಟು ಆಮೇಲೆ ಕೊರೆಯುತ್ತಾರೆ.

ಅಸಲಿ ದಿಂಡಿನ ಪೈಪ್ ಅಲ್ಲಿ ಅಗ್ಗ. ಇಲ್ಲಿಗೆ ಬರುವಷ್ಟರಲ್ಲಿ ಸಾಗಣೆ, ಸುಂಕ ಸೇರಿ ಬೆಲೆ ಏರುತ್ತದೆ, ನಾನೂರರ ಕಟ್ಟಿಗೆ ಪೈಪಿಗಿಂತ ಮೂರು ನಾಲ್ಕು ಪಟ್ಟು ಕೊಡಬೇಕಾದೀತು. ಆದರೂ ಅಗ್ಗ ಅನ್ನುತ್ತೇನೆ. ನನ್ನ ಕಟ್ಟಿಗೆ ಪೈಪ್ ಮೂರು ವಾರ ಬಾಳಿತು. ದಿಂಡಿನದು ದಿನಕ್ಕೊಂದು ಬಟ್ಟಲಿನಂತೆ ಒಂದು ವರ್ಷ ಎರಡು ತಿಂಗಳು.

ಇದರ ಗುಣ ನಮ್ಮ ಹವೆಗೆ ಹೇಳಿ ಮಾಡಿಸಿದ ಹಾಗಿದೆ. ದಿಂಡು ಒಳಗೆ ಬೆಂಡಿನ ಹಾಗೆ, ಸಣ್ಣ ಸಣ್ಣ ಗಾಳಿಯ ಗೂಡುಗಳು. ನಿಂತ ಗಾಳಿ ಕಾವನ್ನು ಹೊರಗೆ ಬಿಡುವುದಿಲ್ಲ. ಬಾಯ್ಲರಿನ ಕೊಳವೆಗಳಿಗೆ ಉಣ್ಣೆಯಂಥ ಹೊದಿಕೆ ಸುತ್ತುತ್ತಿದ್ದೆವಲ್ಲ, ಅದೇ ತತ್ವ. ಉರಿಯಿಂದ ಬಂದ ಪಸೆಯನ್ನು ಅದೇ ಬೆಂಡು ಹೀರಿಕೊಳ್ಳುತ್ತದೆ, ಮರುದಿನ ಸಂಜೆಯೊಳಗೆ ಇಲ್ಲಿಯ ಒಣಗಾಳಿಗೆ ಪೂರ್ತಿ ಒಣಗಿರುತ್ತದೆ. ಹಾಗಾಗಿ ಒಂದೇ ಪೈಪನ್ನು ದಿನಾ ಬಳಸಬಹುದು. ಹೊಸ ಪೈಪನ್ನು ಮೆಲ್ಲಮೆಲ್ಲಗೆ ಸೇದಿ ಪಳಗಿಸುವ ಕೆಲಸವೂ ಇಲ್ಲ. ತೂಕ ಇಲ್ಲವೇ ಇಲ್ಲ ಅನ್ನುವಷ್ಟು ಹಗುರ. ನನ್ನ ಹಾಗೆ ಹಲ್ಲು ಅಲುಗುವವರಿಗೆ ಅದು ಸಣ್ಣ ವಿಷಯವಲ್ಲ. ಮೊದಲ ನಾಲ್ಕೈದು ಸಲ ತಂಬಾಕಿನ ಜೊತೆ ಸುಟ್ಟ ತೆನೆಯ ವಾಸನೆ ಬರುತ್ತದೆ. ನನಗೆ ಅದು ಬಹಳ ಇಷ್ಟ.

ದೋಷವೂ ಇದೆ. ಅಗ್ಗದ ಮಾದರಿಗಳಲ್ಲಿ ಮರದ ನಳಿಕೆಯ ತುದಿ ಬಟ್ಟಲಿನ ಒಳಗೆ ಸ್ವಲ್ಪ ಚಾಚಿಕೊಂಡಿರುತ್ತದೆ, ಮೊದಮೊದಲು ತಳಕ್ಕೆ ಬಂದಾಗ ಅದೂ ಸುಟ್ಟು ಕಹಿಯಾಗುತ್ತದೆ. ಆಗ ಛಲ ಹಿಡಿದು ತಳದವರೆಗೆ ಸೇದಬೇಡಿ, ಅಲ್ಲಿಗೇ ಬಿಡಿ. ಬೂದಿಯನ್ನು ಸ್ವಲ್ಪ ನೀರಲ್ಲಿ ಕಲಸಿ ತಳಕ್ಕೆ ಮೆತ್ತಿ ಎರಡು ದಿನ ಒಣಗಿಸಿದರೆ ಆ ತುದಿಗೂ ತಳಕ್ಕೂ ಕಾಪು ಆಗುತ್ತದೆ. ಬಾಯಿಗಿಡುವ ತುದಿ ಮೆದು ಪ್ಲಾಸ್ಟಿಕ್. ಹಲ್ಲಿನ ಗುರುತು ಬೀಳುತ್ತದೆ, ಬಿಸಿಲಿಗೆ ಬಿಟ್ಟರೆ ಬಾಗುತ್ತದೆ. ನನ್ನದೊಂದು ಏಪ್ರಿಲ್ ಮಧ್ಯಾಹ್ನ ಗಾಡಿಯ ಡಿಕ್ಕಿಯಲ್ಲಿ ಉಳಿದು ಕುಡುಗೋಲಿನ ಹಾಗಾಗಿತ್ತು. ಇದರ ಜೊತೆ ಬರುವ ಕಾಗದದ ಫಿಲ್ಟರ್ ಬೇಕಾದರೆ ಹಾಕಿ, ಬೇಡವಾದರೆ ಬಿಡಿ. ಅದು ಪಸೆ ಹೀರುತ್ತದೆ ಅಷ್ಟೇ, ಹೊಗೆಯ ವಿಷ ತೆಗೆಯುತ್ತದೆ ಅಂತ ಯಾರೂ ನಂಬಬಾರದು.

ಒಂದು ಎಚ್ಚರಿಕೆ. ದಿಂಡಿನ ಹೆಸರಲ್ಲಿ ದಪ್ಪ ವಾರ್ನಿಷ್ ಬಳಿದ ನಕಲಿಗಳೂ ಬರುತ್ತವೆ. ಬಟ್ಟಲಿನ ಒಳಗೆ ಇಣುಕಿದರೆ ದಿಂಡಿನ ಬರಿಮೈ ಕಾಣಬೇಕು.

ಬ್ರಯರ್

ಪೈಪ್ ಸೇದುವವರು ‘ಪೈಪ್’ ಅಂದರೆ ಇದೇ ಅನ್ನುತ್ತಾರೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಅರ್ಬೋರಿಯಾ ಎಂಬ ಪೊದೆಯ ಬುಡದಲ್ಲಿ, ಬೇರು ಕಾಂಡ ಕೂಡುವ ಕಡೆ, ದೊಡ್ಡ ಗಂಟು ಕಟ್ಟುತ್ತದೆ. ಕಾಡ್ಗಿಚ್ಚಿಗೆ ಪೊದೆಯೆಲ್ಲ ಸುಟ್ಟುಹೋದರೂ ಆ ಗಂಟು ಬದುಕಿ ಮತ್ತೆ ಚಿಗುರುತ್ತದೆ. ಬೆಂಕಿಯನ್ನು ತಡೆಯಲೆಂದೇ ಹುಟ್ಟಿದ ಕಟ್ಟಿಗೆ. ಅದನ್ನು ಗಂಟೆಗಟ್ಟಲೆ ಕುದಿಸಿ ಒಗರು ತೆಗೆದು, ತಿಂಗಳುಗಟ್ಟಲೆ ಒಣಗಿಸಿ ಪೈಪ್ ಕೊರೆಯುತ್ತಾರೆ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರು ಹತ್ತೊಂಬತ್ತನೆಯ ಶತಮಾನದಿಂದ ಈ ಕಸುಬಿಗೆ ಹೆಸರುವಾಸಿ.

ಒಳ್ಳೆಯ ಬ್ರಯರ್ ಜೋಪಾನ ಮಾಡಿದರೆ ಒಂದು ಜನ್ಮಕ್ಕೆ ಸಾಕು. ಆದರೆ ನಾವು ಮಾತಾಡುತ್ತಿರುವುದು ಅಗ್ಗದ್ದರ ಬಗ್ಗೆ. ಅಗ್ಗದ ಬ್ರಯರಿನಲ್ಲಿ ಕಟ್ಟಿಗೆಯ ಸಣ್ಣ ಗುಳಿಗಳಿಗೆ ಲಪ್ಪ (ಪುಟ್ಟಿ) ತುಂಬಿ, ಮೇಲೆ ಗಾಢ ಬಣ್ಣ ಕೊಟ್ಟಿರುತ್ತಾರೆ. ಲಪ್ಪ ಕಂಡರೆ ಹೆದರಬೇಡಿ, ಅದು ಅಂದಕ್ಕೆ ಕುಂದು, ಉರಿಗಲ್ಲ. ತೂತು ನಡುವಿಗಿದೆಯೇ, ಕಿಂಡಿ ತಳದಲ್ಲಿದೆಯೇ, ಇಷ್ಟು ನೋಡಿ.

ದಿಂಡಿಗೂ ಬ್ರಯರಿಗೂ ನಿಜವಾದ ವ್ಯತ್ಯಾಸ ಇರುವುದು ಅದು ಕೇಳುವ ತಾಳ್ಮೆಯಲ್ಲಿ. ಬ್ರಯರನ್ನು ಪಳಗಿಸಬೇಕು. ಮೊದಲ ಹತ್ತು ಹನ್ನೆರಡು ಸಲ ಅರ್ಧ ಬಟ್ಟಲು ಮಾತ್ರ, ಅದೂ ಮೆಲ್ಲಗೆ. ಒಳಗೋಡೆಗೆ ತೆಳುವಾದ ಇದ್ದಿಲ ಪದರ ಕಟ್ಟುತ್ತಾ ಹೋಗುತ್ತದೆ, ಆಮೇಲೆ ಗೋಡೆಯನ್ನು ಕಾಯುವುದು ಅದೇ. ಒಂದು ರೂಪಾಯಿ ನಾಣ್ಯದ ದಪ್ಪ ಸಾಕು. ಅದಕ್ಕಿಂತ ದಪ್ಪ ಬೆಳೆಯಲು ಬಿಟ್ಟರೆ ಕಾದಾಗ ಆ ಪದರ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಒಂದು ಸಲ ಸೇದಿದ ಮೇಲೆ ಒಂದು ದಿನವಾದರೂ ವಿಶ್ರಾಂತಿ ಕೊಡಬೇಕು, ಅಂದರೆ ದಿನಬಳಕೆಗೆ ಎರಡು ಬ್ರಯರ್ ಬೇಕು. ಇಲ್ಲಿಗೆ ‘ಅಗ್ಗ’ ಅನ್ನುವ ಮಾತು ಮುಗಿಯಿತು.

ಹಳೆಯದು ಸಿಕ್ಕರೆ ಮಾತ್ರ ಬೇರೆ ವಿಷಯ. ಹೈದರಾಬಾದಿನ ಜುಮ್ಮೇರಾತ್ ಬಜಾರಿನಲ್ಲಿ, ಹಳೇ ಗಡಿಯಾರ, ಬೀಗಗಳ ರಾಶಿಯ ನಡುವೆ, ನನಗೊಂದು ಬ್ರಯರ್ ಸಿಕ್ಕಿತು. ಬಾಯಿತುದಿ ಹಳದಿ ಹಸಿರಾಗಿತ್ತು, ಒಳಗೆ ಬೆರಳು ಹೋಗದಷ್ಟು ಇದ್ದಿಲು. ತೊಳೆಯುವ ಬಗೆ ಹೇಳುತ್ತೇನೆ. ಉಪ್ಪು ತುಂಬಿಸಿ ಸ್ಪಿರಿಟ್ ಹೊಯ್ಯಿರಿ ಅನ್ನುತ್ತಾರೆ ಹೊರದೇಶದವರು. ಹತ್ತಿಯ ಊರಿನವರಿಗೆ ಉಪ್ಪೇಕೆ? ಇದ್ದಿಲ ಪದರವನ್ನು ಮೊಂಡ ಚಾಕುವಿನಿಂದ ಮೆಲ್ಲಗೆ ಕೆರೆದು, ಬಟ್ಟಲಿಗೆ ಶುದ್ಧ ಅರಳೆ ತುಂಬಿ, ಅದು ನೆನೆಯುವಷ್ಟು ರಮ್ ಅಥವಾ ವೋಡ್ಕಾ ಹಾಕಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅರಳೆ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಎರಡು ಮೂರು ಸಲ ಮಾಡಿ, ನಾಲ್ಕು ದಿನ ಒಣಗಲು ಬಿಡಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಮಾತ್ರ ಬೇಡವೇ ಬೇಡ. ಅದರಲ್ಲಿ ಕುಡಿಯಬಾರದ ಬೆರಕೆ ಇರುತ್ತದೆ, ಪೈಪ್ ಬಾಯಿಗೆ ಹೋಗುವ ವಸ್ತು. ಬಾಯಿತುದಿ ಎಬೊನೈಟ್ ಅಂದರೆ ಗಟ್ಟಿ ರಬ್ಬರಿನದಾದರೆ ಬೆಳಕು ಬಿದ್ದಷ್ಟೂ ಬಣ್ಣಗೆಡುತ್ತದೆ. ನಮ್ಮ ಬಿಸಿಲಿನಲ್ಲಿ ಕಪಾಟಿನೊಳಗೇ ಇಡಬೇಕು. ಹೊಸದು ಕೊಳ್ಳುವವರು ಅಕ್ರಿಲಿಕ್ ತುದಿಯದನ್ನು ಆರಿಸಿ.

ಪೈಪಿಗಿಂತ ಭರಣಿ ಮುಖ್ಯ

ಈ ಊರಲ್ಲಿ ಪೈಪ್ ಹಿಡಿದು ನಿರಾಶರಾಗಿ ಬಿಟ್ಟವರಲ್ಲಿ ಹೆಚ್ಚಿನವರಿಗೆ ಕೈಕೊಟ್ಟದ್ದು ತಂಬಾಕು. ಬೀಡಿ ತಂಬಾಕನ್ನು ಪೈಪಿಗೆ ತುಂಬಬೇಡಿ. ಪುಡಿಯಾದ್ದರಿಂದ ಕಿಂಡಿ ಮುಚ್ಚುತ್ತದೆ, ಖಾರ ತಲೆಗೇರುತ್ತದೆ. ಸಿಗರೇಟು ಸುತ್ತಿಕೊಳ್ಳುವವರ ನೂಲಿನಂಥ ತಂಬಾಕೂ ಬೇಡ, ಅದು ಹುಲ್ಲಿನ ಹಾಗೆ ಹೊತ್ತಿ ಉರಿಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ವರ್ಜೀನಿಯಾ ಎಲೆ ಒಳ್ಳೆಯದೇ, ಆದರೆ ಅದು ಹರಾಜಾಗಿ ಸಿಗರೇಟಿನ ದಾರಿ ಹಿಡಿಯುತ್ತದೆ. ಪೈಪಿಗೆಂದೇ ಅಗಲವಾಗಿ ಕತ್ತರಿಸಿದ ತಂಬಾಕು ಬೇಕು. ರಾಯಚೂರಿನ ಪಾನ್ ಅಂಗಡಿಗಳಲ್ಲಿ ನನಗೆ ಅದು ಕಂಡಿಲ್ಲ, ಹೈದರಾಬಾದಿಗೆ ಹೋಗುವವರ ಕೈಲಿ ತರಿಸುತ್ತೇನೆ.

ಸುವಾಸನೆ ಹಾಕಿದ್ದು ಬೇಗ ಒಣಗುವುದಿಲ್ಲ. ಪಸೆ ಹಿಡಿದಿಡಲು ಅದಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿರುತ್ತಾರೆ. ಇಲ್ಲಿಗೆ ಅದು ಅನುಕೂಲ ಅನ್ನಿಸಬಹುದು. ಆದರೆ ಅದು ಮತ್ತೆ ಮತ್ತೆ ಆರುತ್ತದೆ, ಮತ್ತೆ ಮತ್ತೆ ಹೊತ್ತಿಸಬೇಕಾಗುತ್ತದೆ, ಆವಿ ನಾಲಿಗೆಯನ್ನು ಕಚ್ಚುತ್ತದೆ. ಸುವಾಸನೆಯಿಲ್ಲದ, ಬಿಲ್ಲೆಯಂತೆ ಒತ್ತಿದ ತಂಬಾಕು ನನ್ನ ಆಯ್ಕೆ. ಒತ್ತಿದ್ದು ನಿಧಾನಕ್ಕೆ ಒಣಗುತ್ತದೆ, ನಿಧಾನಕ್ಕೆ ಉರಿಯುತ್ತದೆ. ಸೇದುವ ಮೊದಲು ಬೆರಳಲ್ಲಿ ಉದುರಿಸಿಕೊಂಡರಾಯಿತು.

ಪೊಟ್ಟಣ ಒಡೆದ ದಿನವೇ ರಬ್ಬರಿನ ಉಂಗುರ ಇರುವ ಗಾಜಿನ ಭರಣಿಗೆ ಹಾಕಿ. ಒಣಗಿದ್ದರೆ ಆಲೂಗಡ್ಡೆ, ಸೇಬಿನ ಹೋಳು ಇಡುವ ರೂಢಿ ಕೆಲವರದು, ಅದರಿಂದ ಬೂಸ್ಟು ಬರುತ್ತದೆ. ಕುಂಬಾರರ ಮನೆಯಿಂದ ಬಣ್ಣ ಬಳಿಯದ ಮಡಕೆಯ ಚೂರೊಂದು ತಂದು, ತೊಳೆದು, ನೀರಲ್ಲಿ ನೆನೆಸಿ, ಮೇಲಿನ ನೀರು ಒರೆಸಿ ಭರಣಿಯಲ್ಲಿಡಿ. ಮಾರನೆಯ ದಿನ ಒಂದು ಚಿಟಿಕೆ ತಂಬಾಕು ಒತ್ತಿ ಬಿಡಿ. ಮೆಲ್ಲಗೆ ಅರಳಿದರೆ ಸರಿಯಾಗಿದೆ, ಚಟಚಟ ಅಂದರೆ ಇನ್ನೂ ಒಣಗಿದೆ, ಅಂಟಿಕೊಂಡೇ ಇದ್ದರೆ ಹೆಚ್ಚಾಗಿದೆ.

ತುಂಬುವಾಗ ತಳಕ್ಕೆ ಸಡಿಲ, ನಡುವಿಗೆ ಸ್ವಲ್ಪ ಬಿಗಿ, ಮೇಲಕ್ಕೆ ಇನ್ನಷ್ಟು ಬಿಗಿ. ಕಡ್ಡಿಪೆಟ್ಟಿಗೆಯೇ ಸಾಕು, ಗಂಧಕ ಉರಿದು ಹೋಗಲು ಒಂದು ಕ್ಷಣ ಕಾದು ಹಚ್ಚಿ. ಮೊದಲ ಕಡ್ಡಿಗೆ ತಂಬಾಕು ಉಬ್ಬಿ ಮೇಲೇಳುತ್ತದೆ, ಅದನ್ನು ಮೆಲ್ಲಗೆ ಒತ್ತಿ ಎರಡನೆಯ ಕಡ್ಡಿ ಹಚ್ಚಿ. ಒತ್ತಲು ಚಪ್ಪಟೆ ತಲೆಯ ದಪ್ಪ ಮೊಳೆ ಸಾಕು, ಅದಕ್ಕೆಂದೇ ಬೇರೆ ಸಾಧನ ಬೇಡ. ಫ್ಯಾನಿನ ಕೆಳಗೆ ಕೂತು ಸೇದಬೇಡಿ. ಮೇಲಿನಿಂದ ಗಾಳಿ ಹೊಡೆದರೆ ಬಾಯ್ಲರಿಗೆ ಫ್ಯಾನ್ ಹಾಕಿದ ಹಾಗೆ ಉರಿ ಏರುತ್ತದೆ. ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ, ಸಹಿಸಲಾಗದಿದ್ದರೆ ಕೆಳಗಿಟ್ಟು ಆರಲು ಬಿಡಿ. ಆರಿದರೆ ಅವಮಾನವಿಲ್ಲ. ಬಿಸಿ ಇರುವಾಗ ನಳಿಕೆ ಕೀಳಬೇಡಿ. ಕೊಳವೆ ತೊಳೆಯಲು ಮಕ್ಕಳ ಕರಕುಶಲಕ್ಕೆ ಸಿಗುವ ಬಣ್ಣದ ಜುಂಗಿನ ತಂತಿ ತರಬೇಡಿ, ಅದು ನೈಲಾನಿನಂಥದು, ಪಸೆ ಹೀರುವುದಿಲ್ಲ. ಗರಿಯ ಕಡ್ಡಿಗೆ ಅರಳೆ ಸುತ್ತಿದರೆ ಅದಕ್ಕಿಂತ ಚೆನ್ನ.

ಎಲ್ಲಿ ಕೂತು ಸೇದುತ್ತೀರಿ ಅನ್ನುವುದೂ ಯೋಚಿಸಿ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವಂತಿಲ್ಲ. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ದಂಡ 1000 ರೂಪಾಯಿ, ತಂಬಾಕು ಕೊಳ್ಳುವ ವಯಸ್ಸು 21. ಮನೆಯೊಳಗೂ ಬೇಡ, ಪೈಪಿನ ಹೊಗೆ ಮಕ್ಕಳ ಎದೆಗೂ ಹೋಗುತ್ತದೆ. ನನ್ನದು ಮಾಳಿಗೆಯ ಮೇಲೆ, ಹೊತ್ತು ಮುಳುಗಿದ ಮೇಲೆ, ಮೊಮ್ಮಗಳು ಕೆಳಗೆ ಓದಲು ಕೂತಾಗ.

ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು. ಒಂದು ದಿಂಡಿನ ಪೈಪ್, ಒಂದು ಭರಣಿ, ಒಂದು ಮೊಳೆ. ಆರು ತಿಂಗಳು ದಿನಕ್ಕೊಂದೇ ಬಟ್ಟಲಿಗೆ ನಿಂತು ಬೀಡಿ ಬಿಟ್ಟರೆ ಆಮೇಲೆ ಬ್ರಯರಿನ ಮಾತು. ಅಷ್ಟರೊಳಗೆ ಅದೂ ಬೇಡ ಅನ್ನಿಸಿದರೆ ನನಗೆ ಇನ್ನೂ ಸಂತೋಷ. ಪೈಪ್ ಬಂದ ದಿನ ನನ್ನ ಹತ್ತಿರ ತಂದು ತೋರಿಸಿದ. ಒಳಗೆ ಇಣುಕಿ ನೋಡಿದೆ, ಬರಿಮೈ ದಿಂಡು, ಅಸಲಿ. ಮಡಕೆಯ ಚೂರು ನಾನೇ ಕೊಟ್ಟೆ. “ಮುಂಗಾರು ಹಿಡಿದ ಮ್ಯಾಲ ಇದನ್ನ ಭರಣಿಯಾಗಿಂದ ತಗದಿಡು, ಇಲ್ಲಂದ್ರ ಬೂಸ್ಟು ಬರ್ತದ” ಅಂದೆ.